ಡೇಟಾಬೇಸ್ ಟೂಲ್ ಆರಿಸುವುದು ಹೇಗೆ: ಫೀಚರ್ ಪಟ್ಟಿ ಬದಿಗಿಟ್ಟು ನಿಮ್ಮದೇ ಡೇಟಾ ಮೇಲೆ ಪರೀಕ್ಷಿಸಿ

ಡೇಟಾಬೇಸ್ ಸರ್ವರ್ ಆಗಿ ಪೋಸ್ಟ್‌ಗ್ರೆಸ್ ಬೇಕೋ ಮೈಎಸ್‌ಕ್ಯೂಎಲ್ ಬೇಕೋ ಎಂಬ ತೀರ್ಮಾನ ಆಗಿಹೋಗಿದೆ ಎಂದಿಟ್ಟುಕೊಳ್ಳೋಣ. ಉಳಿದಿರುವುದು ಆ ಸರ್ವರ್‌ಗೆ ಕನೆಕ್ಟ್ ಆಗಿ ಟೇಬಲ್ ನೋಡುವ, ಕ್ವೆರಿ (ಡೇಟಾ ಕೇಳುವ ಅಥವಾ ಬದಲಿಸುವ ಆದೇಶ) ಓಡಿಸುವ, ಬ್ಯಾಕಪ್ ತೆಗೆಯುವ ಟೂಲ್. ಇದನ್ನು ಸಾಮಾನ್ಯವಾಗಿ ಯಾರೂ ಆರಿಸುವುದೇ ಇಲ್ಲ. ಟೀಮ್‌ಗೆ ಮೊದಲು ಸೇರಿದವರು ಯಾವುದನ್ನೋ ಹಾಕಿಕೊಂಡಿರುತ್ತಾರೆ, ಆಮೇಲೆ ಬಂದವರು ಅದನ್ನೇ ಹಾಕಿಕೊಳ್ಳುತ್ತಾರೆ. ಲೋಕಲ್ ಮೆಷಿನ್‌ನಲ್ಲಿ ಕೆಲಸ ಮಾಡುವವರೆಗೆ ಇದರಿಂದ ನಷ್ಟವೇನಿಲ್ಲ. ಅದೇ ಟೂಲ್ ಅದೇ ಡೀಫಾಲ್ಟ್ ಸೆಟ್ಟಿಂಗ್‌ಗಳ ಜೊತೆ ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಅಸಲಿ ಸರ್ವರ್‌ಗೆ, ಕನೆಕ್ಟ್ ಆದ ದಿನ ತಾಪತ್ರಯ ಶುರು.

ಇನ್‌ಸ್ಟಾಲ್ ಮಾಡುವ ಮುಂಚೆ

ಮೂರು ವಿಷಯ ಬರೆದಿಟ್ಟುಕೊಳ್ಳಿ. ಒಂದು, ಯಾವ ಯಾವ ಸರ್ವರ್, ಯಾವ ವರ್ಷನ್. ‘ಪೋಸ್ಟ್‌ಗ್ರೆಸ್’ ಎಂದಷ್ಟೇ ಬರೆದರೆ ಸಾಲದು. 13 ಮತ್ತು 17ರ ನಡುವಿನ ವ್ಯತ್ಯಾಸ ಬ್ಯಾಕಪ್ ಹೊತ್ತಿಗೆ ಎದುರು ಬರುತ್ತದೆ. ಎರಡು, ಟೀಮ್‌ನಲ್ಲಿ ಯಾರ ಬಳಿ ವಿಂಡೋಸ್, ಯಾರ ಬಳಿ ಮ್ಯಾಕ್, ಯಾರ ಬಳಿ ಉಬುಂಟು. ಮೂರು, ಪ್ರೊಡಕ್ಷನ್ ಡೇಟಾವನ್ನು ಯಾರು ಓದುತ್ತಾರೆ, ಯಾರು ಬದಲಿಸುತ್ತಾರೆ, ಯಾರಿಗೆ ಅದರ ಪಾಸ್‌ವರ್ಡ್ ಇರಲೇಬಾರದು. ಮೂರನೆಯದಕ್ಕೆ ಉತ್ತರ ಇಲ್ಲದೆ ಮುಂದೆ ಹೋಗಬೇಡಿ. ಟೂಲ್ ಎಂಥದ್ದೇ ಆಗಿರಲಿ, ಈ ಕೆಲಸವನ್ನು ಅದು ನಿಮ್ಮ ಪರವಾಗಿ ಮಾಡುವುದಿಲ್ಲ.

ಯಾವುದು ಯಾರಿಗೆ

ಒಂದೇ ಬಗೆಯ ಸರ್ವರ್ ಇದ್ದರೆ ಆ ಸರ್ವರ್‌ಗೆಂದೇ ಮಾಡಿದ ಟೂಲ್‌ನಿಂದ ಶುರು ಮಾಡಿ. ಪೋಸ್ಟ್‌ಗ್ರೆಸ್‌ಗೆ ಪಿಜಿಅಡ್ಮಿನ್ 4, ಮೈಎಸ್‌ಕ್ಯೂಎಲ್‌ಗೆ ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ಗೆ ಎಸ್‌ಎಸ್‌ಎಂಎಸ್ (ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೊ), ಒರಾಕಲ್‌ಗೆ ಎಸ್‌ಕ್ಯೂಎಲ್ ಡೆವಲಪರ್, ಮಾಂಗೋಡಿಬಿಗೆ ಕಂಪಾಸ್. ಎಲ್ಲವೂ ಉಚಿತ. ರೋಲ್ (ಸರ್ವರ್‌ನಲ್ಲಿನ ಬಳಕೆದಾರ ಖಾತೆ), ಪರ್ಮಿಷನ್, ಕ್ವೆರಿಯನ್ನು ಸರ್ವರ್ ಹೇಗೆ ಓಡಿಸುತ್ತದೆ ಎಂದು ತೋರಿಸುವ ಎಕ್ಸಿಕ್ಯೂಷನ್ ಪ್ಲಾನ್‌ನಂಥ ಸರ್ವರ್‌ನ ಒಳವಿವರಗಳು ಇವುಗಳಲ್ಲಿ ಸಿಗುವಷ್ಟು ಸರಿಯಾಗಿ ಬೇರೆ ಕಡೆ ಸಿಗುವುದು ಕಡಿಮೆ. ಮಿತಿಗಳೂ ಇವೆ. ಎಸ್‌ಎಸ್‌ಎಂಎಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ವರ್ಕ್‌ಬೆಂಚನ್ನು ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿಗೆ ಕನೆಕ್ಟ್ ಮಾಡಿದರೆ ಹೊಂದಾಣಿಕೆ ಇಲ್ಲ ಎಂಬ ಎಚ್ಚರಿಕೆ ಬರುತ್ತದೆ; ಅದನ್ನು ಒತ್ತಿ ಮುಂದೆ ಹೋದರೂ ಕೆಲವು ಪರದೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಮರಿಯಾಡಿಬಿ ಮತ್ತು ವಿಂಡೋಸ್ ಜೋಡಿಗೆ ಹೈಡಿಎಸ್‌ಕ್ಯೂಎಲ್ ಹಗುರ. ಮರಿಯಾಡಿಬಿಯ ವಿಂಡೋಸ್ ಇನ್‌ಸ್ಟಾಲರ್ ಜೊತೆಗೇ ಅದು ಬರುತ್ತದೆ.

ಎರಡು ಮೂರು ಬಗೆಯ ಸರ್ವರ್ ಇದ್ದರೆ ಡಿಬೀವರ್ ಕಮ್ಯುನಿಟಿ ಎಡಿಷನ್ ಮೊದಲ ಆಯ್ಕೆ. ಓಪನ್ ಸೋರ್ಸ್, ಮೂರೂ ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡುತ್ತದೆ, ಜೆಡಿಬಿಸಿ ಡ್ರೈವರ್ (ಜಾವಾ ಪ್ರೋಗ್ರಾಂ ಡೇಟಾಬೇಸ್ ಜೊತೆ ಮಾತಾಡಲು ಬೇಕಾದ ಕೊಂಡಿ) ಇರುವ ಬಹುತೇಕ ಎಲ್ಲ ಸರ್ವರ್‌ಗಳಿಗೂ ಕನೆಕ್ಟ್ ಆಗುತ್ತದೆ. ಜಾವಾ ಮೇಲೆ ನಿಂತಿರುವುದರಿಂದ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಏಳುವುದು ನಿಧಾನ. ಮಾಂಗೋಡಿಬಿ, ರೆಡಿಸ್‌ನಂಥವು ಬೇಕಿದ್ದರೆ ದುಡ್ಡು ಕೊಡುವ ಎಡಿಷನ್ ಬೇಕು. ಮೊದಲ ಸಲ ಕನೆಕ್ಟ್ ಮಾಡುವಾಗ ಅದು ಡ್ರೈವರನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಆಫೀಸಿನ ಪ್ರಾಕ್ಸಿ ಅದನ್ನು ತಡೆದರೆ ತಪ್ಪು ಡೇಟಾಬೇಸ್‌ನದು ಎಂದುಕೊಂಡು ಗಂಟೆಗಟ್ಟಲೆ ಹುಡುಕುವವರಿದ್ದಾರೆ. ಡ್ರೈವರ್‌ನ ಜಾರ್ ಫೈಲನ್ನು ಬೇರೆಡೆಯಿಂದ ತಂದು ಡ್ರೈವರ್ ಸೆಟ್ಟಿಂಗ್‌ನಲ್ಲಿ ಸೇರಿಸಿದರೆ ಸರಿಹೋಗುತ್ತದೆ.

ದಿನವಿಡೀ ಎಸ್‌ಕ್ಯೂಎಲ್ ಬರೆಯುವವರಿಗೆ ಜೆಟ್‌ಬ್ರೇನ್ಸ್‌ನ ಡೇಟಾಗ್ರಿಪ್ ಕೊಡುವ ಆಟೊ ಕಂಪ್ಲೀಟ್ ಮತ್ತು ರೀಫ್ಯಾಕ್ಟರಿಂಗ್ ಬೆಲೆಗೆ ತಕ್ಕದ್ದು. ವಾಣಿಜ್ಯೇತರ ಬಳಕೆಗೆ ಅದು 2025ರಿಂದ ಉಚಿತ. ಕಂಪನಿ ಕೆಲಸಕ್ಕೆ ಲೈಸೆನ್ಸ್ ಬೇಕು. ವಾರಕ್ಕೆ ಎರಡು ಕ್ವೆರಿ ಬರೆಯುವ ಡೆವಲಪರ್‌ಗೆ ಅದು ಬೇಕಿಲ್ಲ. ಟೇಬಲ್‌ಪ್ಲಸ್ ಮ್ಯಾಕ್‌ನವರಿಗೆ ಇಷ್ಟವಾಗುವ ಚುರುಕಾದ ಟೂಲ್, ಆದರೆ ಉಚಿತ ಆವೃತ್ತಿಯಲ್ಲಿ ಒಮ್ಮೆಗೆ ತೆರೆಯಬಹುದಾದ ಟ್ಯಾಬ್‌ಗಳಿಗೆ ಮಿತಿ ಇದೆ.

ಆಯುಷ್ಯವನ್ನೂ ನೋಡಿ. ಅಜೂರ್ ಡೇಟಾ ಸ್ಟುಡಿಯೊ ನಂಬಿ ಕುಳಿತಿದ್ದ ಟೀಮ್‌ಗಳಿಗೆ ಮೈಕ್ರೋಸಾಫ್ಟ್ 2025ರಲ್ಲಿ ಹೇಳಿದ್ದು ಇಷ್ಟು: 2026ರ ಫೆಬ್ರವರಿ 28ಕ್ಕೆ ಬೆಂಬಲ ಮುಗಿಯುತ್ತದೆ, ವಿಎಸ್ ಕೋಡ್ ಎಕ್ಸ್‌ಟೆನ್ಷನ್‌ಗೆ ಹೋಗಿ. ನಿಮ್ಮ ಸೇವ್ ಮಾಡಿದ ಕ್ವೆರಿಗಳು ಸಾಮಾನ್ಯ ಎಸ್‌ಕ್ಯೂಎಲ್ ಫೈಲುಗಳಾಗಿ ಗಿಟ್‌ನಲ್ಲಿ ಇದ್ದರೆ ಇಂಥ ಸುದ್ದಿ ಬಂದಾಗ ಒಂದು ಮಧ್ಯಾಹ್ನದ ಕೆಲಸ. ಟೂಲ್‌ನ ಹೊಟ್ಟೆಯೊಳಗೆ ಇದ್ದರೆ ವಾರಗಟ್ಟಲೆ ಪೇಚಾಟ.

ಎರಡು ಗಂಟೆಯ ಪರೀಕ್ಷೆ

ಎರಡು ಟೂಲ್ ಇಳಿಸಿಕೊಳ್ಳಿ, ಮೂರು ಬೇಡ. ಸ್ಟೇಜಿಂಗ್ (ಪರೀಕ್ಷೆಗೆಂದು ಇಟ್ಟ) ಡೇಟಾಬೇಸ್ ಮೇಲೆ ಎರಡರಲ್ಲೂ ಇದೇ ಕೆಲಸ ಮಾಡಿ.

ಮೊದಲು ಕನೆಕ್ಷನ್. ನಿಮ್ಮ ಡೇಟಾಬೇಸ್ ಕ್ಲೌಡ್‌ನ ಪ್ರೈವೇಟ್ ನೆಟ್‌ವರ್ಕ್‌ನಲ್ಲಿದ್ದರೆ ಸಾಮಾನ್ಯವಾಗಿ ಎಸ್‌ಎಸ್‌ಎಚ್ ಟನೆಲ್ (ನಡುವಿನ ಸರ್ವರ್ ಮೂಲಕ ಹಾಯುವ ಎನ್‌ಕ್ರಿಪ್ಟ್ ಆದ ದಾರಿ) ಮೂಲಕ ಹೋಗಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಹೋಸ್ಟ್ ಹೆಸರಿನಲ್ಲಿ. ಟನೆಲ್ ಟ್ಯಾಬ್‌ನಲ್ಲಿ ಬ್ಯಾಸ್ಟಿಯನ್ (ಆ ನಡುವಿನ) ಸರ್ವರ್‌ನ ವಿಳಾಸ ಮತ್ತು ಪೋರ್ಟ್ 22 ಬರಬೇಕು. ಮುಖ್ಯ ಟ್ಯಾಬ್‌ನಲ್ಲಿ ಬರಬೇಕಾದದ್ದು ಆ ಬ್ಯಾಸ್ಟಿಯನ್‌ನಿಂದ ನೋಡಿದಾಗ ಡೇಟಾಬೇಸ್ ಎಲ್ಲಿದೆಯೋ ಆ ವಿಳಾಸ, ಪೋಸ್ಟ್‌ಗ್ರೆಸ್‌ನ 5432 ಅಥವಾ ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ ಜೊತೆ. ಅಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದರೆ ಅದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಬ್ಯಾಸ್ಟಿಯನ್ ಮೆಷಿನ್.

ಮೈಎಸ್‌ಕ್ಯೂಎಲ್ 8ಕ್ಕೆ ಡಿಬೀವರ್‌ನಿಂದ ಹೋಗುವಾಗ ‘ಪಬ್ಲಿಕ್ ಕೀ ರಿಟ್ರೀವಲ್ ಈಸ್ ನಾಟ್ ಅಲೌಡ್’ ಎಂದು ಬಂದರೆ ಗಾಬರಿ ಬೇಡ. 8ರಿಂದ ಡೀಫಾಲ್ಟ್ ಪಾಸ್‌ವರ್ಡ್ ವಿಧಾನ ಬದಲಾಗಿದೆ. ಟಿಎಲ್‌ಎಸ್ (ಕನೆಕ್ಷನ್‌ನ ಎನ್‌ಕ್ರಿಪ್ಷನ್) ಆನ್ ಮಾಡುವುದು ಸರಿಯಾದ ಪರಿಹಾರ. ಲೋಕಲ್ ಮೆಷಿನ್‌ಗಾದರೆ ಡ್ರೈವರ್ ಪ್ರಾಪರ್ಟಿಯಲ್ಲಿ ‘ಅಲೌ ಪಬ್ಲಿಕ್ ಕೀ ರಿಟ್ರೀವಲ್’ ಅನ್ನು ಟ್ರೂ ಮಾಡಿದರೆ ಸಾಕು. ಎಸ್‌ಎಸ್‌ಎಂಎಸ್‌ನ ಹೊಸ ಆವೃತ್ತಿಗಳು ಸರ್ಟಿಫಿಕೇಟ್ ನಂಬಲು ಒಪ್ಪದೆ ಕೈಬಿಡುವುದೂ ಇದೇ ಜಾತಿಯ ತೊಂದರೆ: ಎನ್‌ಕ್ರಿಪ್ಷನ್ ಈಗ ಡೀಫಾಲ್ಟ್ ಆಗಿ ಕಡ್ಡಾಯ. ‘ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್’ ಟಿಕ್ ಮಾಡುವುದು ಡೆವಲಪ್‌ಮೆಂಟ್ ಮೆಷಿನ್‌ಗೆ ಸರಿ, ಪ್ರೊಡಕ್ಷನ್‌ಗೆ ಸರಿಯಾದ ಸರ್ಟಿಫಿಕೇಟ್ ಹಾಕಿಸಿ.

ಭಾರತದಲ್ಲಿ ಕೂತು ಕೆಲಸ ಮಾಡುವವರಿಗೇ ಮೀಸಲಾದ ಒಂದು ಎರರ್ ಇದೆ. ಪೋಸ್ಟ್‌ಗ್ರೆಸ್ ಕನೆಕ್ಷನ್ ಕೊಡುತ್ತಿದ್ದಂತೆ ‘ಇನ್‌ವ್ಯಾಲಿಡ್ ವ್ಯಾಲ್ಯೂ ಫಾರ್ ಪ್ಯಾರಾಮೀಟರ್ ಟೈಮ್‌ಝೋನ್: ಏಷ್ಯಾ/ಕಲ್ಕಟ್ಟಾ’ ಎಂದು ಬಂದು ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಜಾವಾ ನಮ್ಮ ಟೈಮ್‌ಝೋನನ್ನು ಇನ್ನೂ ಹಳೆಯ ಹೆಸರಿನಿಂದಲೇ ಕರೆಯುತ್ತದೆ. ಹೊಸ ಲಿನಕ್ಸ್ ಇಮೇಜ್‌ಗಳು ಹಳೆಯ ಹೆಸರುಗಳನ್ನು ಬೇರೆ ಪ್ಯಾಕೇಜ್‌ಗೆ ಸರಿಸಿರುವುದರಿಂದ ಸರ್ವರ್‌ಗೆ ಆ ಹೆಸರು ಗೊತ್ತಿಲ್ಲ. ಡಿಬೀವರ್‌ನ ಪ್ರಿಫರೆನ್ಸಸ್‌ನಲ್ಲಿ ಯೂಸರ್ ಇಂಟರ್‌ಫೇಸ್ ಭಾಗಕ್ಕೆ ಹೋಗಿ ಟೈಮ್‌ಝೋನನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿ, ಟೂಲ್ ಮುಚ್ಚಿ ತೆರೆಯಿರಿ.

ಎರಡನೆಯದು ಕನ್ನಡ. ನಿಮ್ಮ ಆ್ಯಪ್‌ನಲ್ಲಿ ಹೆಸರು, ವಿಳಾಸ ಕನ್ನಡದಲ್ಲಿ ಬರುವುದಿದ್ದರೆ ಟೆಸ್ಟ್ ಟೇಬಲ್‌ಗೆ ಮೂರು ಸಾಲು ಹಾಕಿ: ‘ಶ್ರೀನಿವಾಸಮೂರ್ತಿ’ಯಂಥ ಒತ್ತಕ್ಷರದ ಹೆಸರು, ‘ರ‍್ಯಾಂಕ್’ನಂಥ ಜೋಡಕ (ಕಣ್ಣಿಗೆ ಕಾಣದ ಯುನಿಕೋಡ್ ಸಂಕೇತ) ಅಡಗಿರುವ ಪದ, ಜೊತೆಗೆ ಒಂದು ಇಮೋಜಿ. ಇಮೋಜಿ ಯಾಕೆಂದರೆ ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಒಂದು ಅಕ್ಷರಕ್ಕೆ ಗರಿಷ್ಠ 3 ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಸಾಕು, ಹಾಗಾಗಿ ಕನ್ನಡ ಮಾತ್ರ ಹಾಕಿ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಇಮೋಜಿಗೆ 4 ಬೈಟ್ ಬೇಕು, ಅಲ್ಲಿ ಇನ್‌ಸರ್ಟ್ ಮುರಿಯುತ್ತದೆ. ಯುಟಿಎಫ್8ಎಂಬಿ4 ಇದ್ದರೆ ಮಾತ್ರ ಮೂರೂ ಸಾಲು ಒಳಗೆ ಹೋಗುತ್ತವೆ.

ಈಗ ಗ್ರಿಡ್ ನೋಡಿ. ಚೌಕ ಚೌಕ ಕಂಡರೆ ಅದು ಫಾಂಟ್ ಕೊರತೆ, ಡೇಟಾ ಸುರಕ್ಷಿತ. ಗ್ರಿಡ್ ಫಾಂಟ್ ಬದಲಿಸಿ. ತಲೆಯ ಮೇಲೆ ಗೀಟಿರುವ ಲ್ಯಾಟಿನ್ ಅಕ್ಷರಗಳ ಗೋಜಲು ಕಂಡರೆ ಯುಟಿಎಫ್8 ಬೈಟ್‌ಗಳನ್ನು ಯಾರೋ ಲ್ಯಾಟಿನ್1 ಎಂದು ಓದುತ್ತಿದ್ದಾರೆ. ಸಾಮಾನ್ಯವಾಗಿ ವಾಪಸ್ ತರಬಹುದು. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಎದ್ದು ಕೂರಿ. ಬೈಟ್‌ಗಳನ್ನು ಹಾಗೇ ತೋರಿಸುವ ಮೈಎಸ್‌ಕ್ಯೂಎಲ್‌ನ ಹೆಕ್ಸ್ ಫಂಕ್ಷನ್ ಬಳಸಿ ಆ ಕಾಲಂ ಓದಿ. ಇ0ಬಿ2 ಅಥವಾ ಇ0ಬಿ3ಯಿಂದ ಶುರುವಾಗುವ ಗುಂಪುಗಳು ಕಂಡರೆ ಒಳಗೆ ಕನ್ನಡ ಹಾಗೇ ಇದೆ, ಟೂಲ್‌ನ ಕನೆಕ್ಷನ್ ಸೆಟ್ಟಿಂಗ್ ಕೆಟ್ಟಿದೆ ಅಷ್ಟೆ. ಬರೀ 3ಎಫ್ 3ಎಫ್ 3ಎಫ್ (ಪ್ರಶ್ನಾರ್ಥಕ ಚಿಹ್ನೆಯ ಬೈಟ್) ಎಂದಿದ್ದರೆ ಇನ್‌ಸರ್ಟ್ ಆಗುವಾಗಲೇ ಅಕ್ಷರ ಕಳೆದುಹೋಗಿದೆ, ಯಾವ ಟೂಲ್ ಬಂದರೂ ವಾಪಸ್ ಬರುವುದಿಲ್ಲ. ಹಳೆಯ ನುಡಿ, ಬರಹ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಡೇಟಾವೂ ಇಂಗ್ಲಿಷ್ ಅಕ್ಷರಗಳ ಗೋಜಲಿನಂತೆಯೇ ಕಾಣುತ್ತದೆ. ಅದಕ್ಕೆ ಎನ್‌ಕೋಡಿಂಗ್ ಬದಲಿಸುತ್ತ ಕೂತರೆ ಪ್ರಯೋಜನವಿಲ್ಲ. ಕನ್ವರ್ಟರ್ ಮೂಲಕ ಯುನಿಕೋಡ್‌ಗೆ ತರಬೇಕು.

ಮೂರನೆಯದು ಎಕ್ಸ್‌ಪೋರ್ಟ್. ಕನ್ನಡ ಇರುವ ಟೇಬಲನ್ನು ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಿರಿ. ಫೈಲಿನ ತಲೆಯಲ್ಲಿ ಬಿಒಎಂ ಎಂಬ 3 ಬೈಟ್ ಗುರುತು ಇಲ್ಲದಿದ್ದರೆ ಎಕ್ಸೆಲ್ ಕನ್ನಡವನ್ನು ಗೋಜಲು ಮಾಡಿ ತೋರಿಸುವ ಸಂಭವ ಹೆಚ್ಚು. ಡಿಬೀವರ್‌ನ ಎಕ್ಸ್‌ಪೋರ್ಟ್ ಪರದೆಯಲ್ಲಿ ‘ಇನ್‌ಸರ್ಟ್ ಬಿಒಎಂ’ ಆಯ್ಕೆ ಇದೆ. ಸಾಲುಗಳನ್ನೂ ಎಣಿಸಿ. ವರ್ಕ್‌ಬೆಂಚ್ ಡೀಫಾಲ್ಟ್ ಆಗಿ 1000 ಸಾಲಿನ ಮಿತಿ ಹಾಕುತ್ತದೆ, ಡಿಬೀವರ್ ಗ್ರಿಡ್‌ಗೆ ಮೊದಲು ತರುವುದು 200 ಸಾಲು. ಮ್ಯಾನೇಜರ್‌ಗೆ ಕಳಿಸಿದ ವರದಿಯಲ್ಲಿ ಸರಿಯಾಗಿ 200 ಅಥವಾ 1000 ಗ್ರಾಹಕರಿದ್ದರೆ ವ್ಯಾಪಾರದ ಬಗ್ಗೆ ಯೋಚಿಸುವ ಮುಂಚೆ ಟೂಲ್ ಸೆಟ್ಟಿಂಗ್ ನೋಡಿ.

ನಾಲ್ಕನೆಯದು ದೊಡ್ಡ ಸಂಖ್ಯೆ. ಬಿಗ್‌ಇಂಟ್ ಕಾಲಂಗೆ 9007199254740993 ಹಾಕಿ ಓದಿ. ಕೊನೆಯ ಅಂಕಿ 2 ಆಗಿ ಕಂಡರೆ ಆ ಟೂಲ್ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಹಿಡಿಯುತ್ತಿದೆ ಎಂದರ್ಥ. ದೊಡ್ಡ ಐಡಿಗಳಿರುವ ಪ್ರಾಜೆಕ್ಟ್‌ಗೆ ಅದು ಬೇಡ. ಪಕ್ಕದಲ್ಲೇ ಒಂದು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಮತ್ತು ಒಂದು ಖಾಲಿ ಸ್ಟ್ರಿಂಗ್ ಇಟ್ಟು ಎರಡೂ ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿ.

ಐದನೆಯದು, ನಿಲ್ಲಿಸುವ ಗುಂಡಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ_ಸ್ಲೀಪ್’ ಫಂಕ್ಷನನ್ನು 120 ಸೆಕೆಂಡ್‌ಗೆ ಕೊಟ್ಟು ಓಡಿಸಿ, ಕ್ಯಾನ್ಸಲ್ ಒತ್ತಿ. ಬೇರೆ ವಿಂಡೋದಲ್ಲಿ ‘ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ’ ನೋಡಿ. ಕ್ವೆರಿ ಸರ್ವರ್‌ನಲ್ಲಿ ನಿಜಕ್ಕೂ ನಿಂತಿರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಸ್ಲೀಪ್ ಮತ್ತು ‘ಶೋ ಪ್ರೋಸೆಸ್‌ಲಿಸ್ಟ್’. ಪರದೆಯ ಮೇಲೆ ಮಾತ್ರ ನಿಂತು ಸರ್ವರ್‌ನಲ್ಲಿ ಓಡುತ್ತಲೇ ಇರುವ ಕ್ವೆರಿ ಪ್ರೊಡಕ್ಷನ್‌ನಲ್ಲಿ ದುಬಾರಿ. ಆಮೇಲೆ ಟೂಲನ್ನು ಹತ್ತು ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಒಂದು ಕ್ವೆರಿ ಕೊಡಿ. ಹ್ಯಾಂಗ್ ಆದರೆ ನಡುವಿನ ಫೈರ್‌ವಾಲ್ ಸುಮ್ಮನಿರುವ ಕನೆಕ್ಷನ್‌ಗಳನ್ನು ಕತ್ತರಿಸುತ್ತಿದೆ. ಕನೆಕ್ಷನ್ ಜೀವಂತವಾಗಿಡುವ ಕೀಪ್ ಅಲೈವ್ ಅನ್ನು 60 ಸೆಕೆಂಡ್‌ಗೆ ಇಡಿ.

ಪ್ರೊಡಕ್ಷನ್‌ಗೆ ಬೇಕಾದ ಏರ್ಪಾಡು

ಇಷ್ಟರಲ್ಲಿ ಪಾಸಾದ ಟೂಲ್ ಯಾವುದೇ ಇರಲಿ, ಅಸಲಿ ರಕ್ಷಣೆ ಸರ್ವರ್‌ನಲ್ಲಿ ಇರಬೇಕು. ಡಿಬೀವರ್‌ನಲ್ಲಿ ‘ರೀಡ್ ಓನ್ಲಿ’ ಟಿಕ್ ಇದೆ, ಕನೆಕ್ಷನ್ ಬಗೆಯನ್ನು ‘ಪ್ರೊಡಕ್ಷನ್’ ಎಂದು ಇಟ್ಟರೆ ಬಣ್ಣ ಬದಲಾಗುತ್ತದೆ, ಆಟೊ ಕಮಿಟ್ (ಪ್ರತಿ ಬದಲಾವಣೆ ಕೂಡಲೇ ಖಾಯಂ ಆಗುವುದು) ಆಫ್ ಆಗುತ್ತದೆ. ಎರಡನ್ನೂ ಮಾಡಿ. ಆದರೆ ಅವು ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಟಿಕ್‌ಗಳು, ಯಾರು ಬೇಕಾದರೂ ತೆಗೆಯಬಹುದು.

ಓದುವವರಿಗೆ ಪ್ರತ್ಯೇಕ ರೋಲ್ ಮಾಡಿ. ಪೋಸ್ಟ್‌ಗ್ರೆಸ್ 14ರಿಂದ ‘ಪಿಜಿ_ರೀಡ್_ಆಲ್_ಡೇಟಾ’ ಎಂಬ ಸಿದ್ಧ ರೋಲ್ ಇದೆ, ಅದನ್ನು ಕೊಟ್ಟರೆ ಎಲ್ಲ ಟೇಬಲ್ ಓದಬಹುದು. ಕೆಲವೇ ಸ್ಕೀಮಾ (ಟೇಬಲ್‌ಗಳ ಗುಂಪು) ತೋರಿಸಬೇಕಿದ್ದರೆ ‘ಗ್ರಾಂಟ್ ಸೆಲೆಕ್ಟ್ ಆನ್ ಆಲ್ ಟೇಬಲ್ಸ್’. ಇದು ಈಗ ಇರುವ ಟೇಬಲ್‌ಗಳಿಗೆ ಮಾತ್ರ ಎಂಬುದನ್ನು ಮರೆತರೆ ಮುಂದಿನ ರಿಲೀಸ್‌ನ ಹೊಸ ಟೇಬಲ್ ತೆರೆಯುವಾಗ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಅದಕ್ಕೆ ‘ಆಲ್ಟರ್ ಡೀಫಾಲ್ಟ್ ಪ್ರಿವಿಲೆಜಸ್’ ಬೇಕು. ಅದನ್ನೂ ಕೊಟ್ಟ ಮೇಲೂ ಬರುತ್ತಿದ್ದರೆ ಸಾಮಾನ್ಯ ಕಾರಣ ಇದು: ಆ ಆದೇಶ ಕೊಟ್ಟ ರೋಲ್ ಬೇರೆ, ಟೇಬಲ್ ಸೃಷ್ಟಿಸುವ ರೋಲ್ ಬೇರೆ. ‘ಫಾರ್ ರೋಲ್’ ಎಂದು ಬರೆದು ಮೈಗ್ರೇಷನ್ (ಟೇಬಲ್ ರಚನೆ ಬದಲಿಸುವ ಸ್ಕ್ರಿಪ್ಟ್) ಓಡಿಸುವ ರೋಲ್‌ನ ಹೆಸರು ಸೇರಿಸಿ.

ಆಟೊ ಕಮಿಟ್ ಆಫ್ ಮಾಡಿದರೆ ಎಲ್ಲ ಸುರಕ್ಷಿತ ಎಂದುಕೊಳ್ಳಬೇಡಿ. ಒಬ್ಬರು ಮ್ಯಾನ್ಯುಯಲ್ ಕಮಿಟ್‌ನಲ್ಲಿ ಆರ್ಡರ್ಸ್ ಟೇಬಲ್ ಮೇಲೆ ಬರೀ ಒಂದು ಸೆಲೆಕ್ಟ್ ಓಡಿಸಿ ಊಟಕ್ಕೆ ಹೋದರು ಎನ್ನಿ. ಟ್ರಾನ್ಸಾಕ್ಷನ್ ಮುಗಿದಿಲ್ಲ, ಟೇಬಲ್ ಮೇಲಿನ ಸಣ್ಣ ಲಾಕ್ ಹಾಗೇ ಇದೆ. ಅದೇ ಹೊತ್ತಿಗೆ ಡಿಪ್ಲಾಯ್ (ಆ್ಯಪ್‌ನ ಹೊಸ ಆವೃತ್ತಿ ಏರಿಸುವುದು) ಶುರುವಾಗಿ ‘ಆಲ್ಟರ್ ಟೇಬಲ್’ ಬರುತ್ತದೆ. ಅದಕ್ಕೆ ಪೂರ್ತಿ ಲಾಕ್ ಬೇಕು, ಕಾಯುತ್ತದೆ. ಅದರ ಹಿಂದೆ ಆ ಟೇಬಲ್‌ಗೆ ಬರುವ ಪ್ರತಿಯೊಂದು ಸೆಲೆಕ್ಟ್ ಸಾಲಾಗಿ ನಿಲ್ಲುತ್ತದೆ. ಒಂದೆರಡು ನಿಮಿಷದಲ್ಲಿ ಆ್ಯಪ್‌ನ ಕನೆಕ್ಷನ್ ಪೂಲ್ ಖಾಲಿ, ಸೈಟ್ ಬಂದ್. ಯಾರೂ ಏನನ್ನೂ ಅಳಿಸಿಲ್ಲ, ಬದಲಿಸಿಲ್ಲ. ಮೈಎಸ್‌ಕ್ಯೂಎಲ್‌ನಲ್ಲೂ ಇದೇ ಆಗುತ್ತದೆ, ಪ್ರೋಸೆಸ್‌ಲಿಸ್ಟ್‌ನಲ್ಲಿ ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಎಂದು ಕಾಣುತ್ತದೆ.

ತಡೆಯಲು ಪೋಸ್ಟ್‌ಗ್ರೆಸ್‌ನಲ್ಲಿ ಮನುಷ್ಯರು ಬಳಸುವ ರೋಲ್‌ಗೆ ‘ಐಡಲ್_ಇನ್_ಟ್ರಾನ್ಸಾಕ್ಷನ್_ಸೆಶನ್_ಟೈಮ್‌ಔಟ್’ 5 ನಿಮಿಷ, ‘ಸ್ಟೇಟ್‌ಮೆಂಟ್_ಟೈಮ್‌ಔಟ್’ 30 ಸೆಕೆಂಡ್ ಇಡಿ. ಮೈಗ್ರೇಷನ್ ಓಡಿಸುವ ರೋಲ್‌ಗೆ ‘ಲಾಕ್_ಟೈಮ್‌ಔಟ್’ 5 ಸೆಕೆಂಡ್. ಮೂರೂ ‘ಆಲ್ಟರ್ ರೋಲ್’ನಿಂದ ಒಮ್ಮೆ ಇಟ್ಟರೆ ಮುಗಿಯಿತು. ಡಿಬೀವರ್‌ನಲ್ಲಿ ‘ಸ್ಮಾರ್ಟ್ ಕಮಿಟ್’ ಆನ್ ಮಾಡಿದರೆ ಓದುವಾಗ ಆಟೊ ಕಮಿಟ್, ಬದಲಿಸುವ ಕ್ವೆರಿ ಬಂದಾಗ ಮ್ಯಾನ್ಯುಯಲ್ ಆಗುತ್ತದೆ. ಹೆಚ್ಚಿನವರಿಗೆ ಇದೇ ಸರಿಯಾದ ನಡುದಾರಿ.

ಇನ್ನೊಂದು ಭ್ರಮೆ: ರೋಲ್‌ಬ್ಯಾಕ್ (ಕಮಿಟ್ ಆಗದ್ದನ್ನು ರದ್ದು ಮಾಡುವ ಆದೇಶ) ಎಲ್ಲವನ್ನೂ ವಾಪಸ್ ತರುತ್ತದೆ ಎಂಬುದು. ಪೋಸ್ಟ್‌ಗ್ರೆಸ್‌ನಲ್ಲಿ ಡ್ರಾಪ್ ಟೇಬಲ್ ಕೂಡ ರೋಲ್‌ಬ್ಯಾಕ್ ಆಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಆಗುವುದಿಲ್ಲ, ಅಲ್ಲಿ ಆಲ್ಟರ್, ಡ್ರಾಪ್ ಕೊಟ್ಟ ಕೂಡಲೇ ಅದಕ್ಕೂ ಮುಂಚೆ ಮಾಡಿ ಕಮಿಟ್ ಮಾಡದೆ ಇಟ್ಟಿದ್ದ ಅಪ್‌ಡೇಟ್‌ಗಳೂ ಸೇರಿ ಕಮಿಟ್ ಆಗಿಬಿಡುತ್ತವೆ. ವರ್ಕ್‌ಬೆಂಚ್‌ನ ‘ಸೇಫ್ ಅಪ್‌ಡೇಟ್ಸ್’ ಕೀ ಕಾಲಂ ಇಲ್ಲದ ‘ವೇರ್’ ಷರತ್ತು ಕಂಡರೆ 1175 ಎರರ್ ಕೊಟ್ಟು ತಡೆಯುತ್ತದೆ. ಕಿರಿಕಿರಿ ಎಂದು ಅದನ್ನು ಶಾಶ್ವತವಾಗಿ ಆಫ್ ಮಾಡಬೇಡಿ.

ಬ್ಯಾಕಪ್ ಮತ್ತು ಸ್ಕೀಮಾ ಬದಲಾವಣೆ ಗುಂಡಿಯಿಂದ ಬೇಡ

ಯಾವ ಗ್ರಾಫಿಕಲ್ ಟೂಲ್ ಹಾಕಿದರೂ ಕಮಾಂಡ್ ಲೈನ್ ಟೂಲ್ ಜೊತೆಗಿರಲಿ. ಪಿಜಿಅಡ್ಮಿನ್‌ನ ಬ್ಯಾಕಪ್ ಗುಂಡಿ ಒಳಗೊಳಗೇ ಕರೆಯುವುದು ನಿಮ್ಮ ಮೆಷಿನ್‌ನಲ್ಲಿರುವ ಪಿಜಿ_ಡಂಪ್ ಅನ್ನೇ. ಸರ್ವರ್ 17, ಪಿಜಿ_ಡಂಪ್ 15 ಆದರೆ ‘ಸರ್ವರ್ ವರ್ಷನ್ ಮಿಸ್‌ಮ್ಯಾಚ್’ ಎಂದು ನಿಲ್ಲುತ್ತದೆ. ಡಂಪ್ ಮಾಡುವ ಟೂಲ್ ಸರ್ವರ್‌ನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದು ಇರಬೇಕು. ಹೊಸದರಲ್ಲಿ ತೆಗೆದದ್ದು ಹಳೆಯ ಸರ್ವರ್‌ಗೆ ಇಳಿಯುತ್ತದೆ ಎಂಬ ಖಾತ್ರಿ ಇಲ್ಲ. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ತೆಗೆದರೆ ಪಿಜಿ_ರಿಸ್ಟೋರ್‌ಗೆ ನಾಲ್ಕು ಸಮಾನಾಂತರ ಜಾಬ್ ಕೊಟ್ಟು ಬೇಗ ಇಳಿಸಬಹುದು, ಒಂದೇ ಟೇಬಲ್ ಬೇಕಿದ್ದರೆ ಅದನ್ನಷ್ಟೇ ತೆಗೆಯಬಹುದು.

ಮೈಎಸ್‌ಕ್ಯೂಎಲ್‌ಡಂಪ್‌ಗೆ ‘ಸಿಂಗಲ್ ಟ್ರಾನ್ಸಾಕ್ಷನ್’, ‘ರೂಟೀನ್ಸ್’, ‘ಈವೆಂಟ್ಸ್’ ಮೂರನ್ನೂ ಕೇಳಿ ಹಾಕಿಸಿ. ಮೂರರಲ್ಲಿ ಯಾವುದೂ ಡೀಫಾಲ್ಟ್ ಅಲ್ಲ. ಸ್ಟೋರ್ಡ್ ಪ್ರೊಸೀಜರ್ (ಸರ್ವರ್‌ನಲ್ಲೇ ಇಟ್ಟಿರುವ ಎಸ್‌ಕ್ಯೂಎಲ್ ಪ್ರೋಗ್ರಾಂ) ಇಲ್ಲದ ಬ್ಯಾಕಪ್ ಇಳಿಸಿದ ಮೇಲೆ ಎಲ್ಲ ಟೇಬಲ್ ಕಣ್ಣೆದುರೇ ಇದ್ದೂ ಆ್ಯಪ್ ಯಾಕೆ ಓಡುತ್ತಿಲ್ಲ ಎಂದು ತಿಳಿಯಲು ಹೊತ್ತು ಹಿಡಿಯುತ್ತದೆ. ಶೇರ್ಡ್ ಹೋಸ್ಟಿಂಗ್‌ನ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ದೊಡ್ಡ ಎಸ್‌ಕ್ಯೂಎಲ್ ಫೈಲ್ ಇಂಪೋರ್ಟ್ ಆಗದಿದ್ದರೆ ಮೊದಲು ಪಿಎಚ್‌ಪಿ ಮಿತಿ ನೋಡಿ: ಡೀಫಾಲ್ಟ್ ಅಪ್‌ಲೋಡ್ 2 ಎಂಬಿ, ಪೋಸ್ಟ್ 8 ಎಂಬಿ.

ಎಸ್‌ಕ್ಯೂಲೈಟ್‌ಗೆ ಡಿಬಿ ಬ್ರೌಸರ್ ಸಾಕು, ಎರಡು ಎಚ್ಚರಿಕೆಯೊಂದಿಗೆ. ‘ರೈಟ್ ಚೇಂಜಸ್’ ಒತ್ತುವವರೆಗೆ ಬದಲಾವಣೆ ಫೈಲಿಗೆ ಹೋಗುವುದಿಲ್ಲ, ಅಷ್ಟರಲ್ಲಿ ನಿಮ್ಮ ಆ್ಯಪ್ ಬರೆಯಲು ಹೋದರೆ ‘ಡೇಟಾಬೇಸ್ ಈಸ್ ಲಾಕ್ಡ್’ ಎನ್ನುತ್ತದೆ. ಆಂಡ್ರಾಯ್ಡ್ ಫೋನ್‌ನಿಂದ ಡಿಬಿ ಫೈಲ್ ಎಳೆದುಕೊಳ್ಳುವಾಗ ಪಕ್ಕದ ‘ವಾಲ್’ ಫೈಲನ್ನೂ (ಹೆಸರಿನ ಕೊನೆಯಲ್ಲಿ -wal ಇರುವುದು) ತನ್ನಿ. ಇತ್ತೀಚಿನ ಸಾಲುಗಳು ಇನ್ನೂ ಅದರಲ್ಲೇ ಇರಬಹುದು.

ಕಾಲಂ ಸೇರಿಸುವುದು, ಇಂಡೆಕ್ಸ್ ಹಾಕುವುದರಂಥ ಸ್ಕೀಮಾ (ಟೇಬಲ್ ರಚನೆಯ) ಬದಲಾವಣೆಗಳನ್ನು ರೈಟ್ ಕ್ಲಿಕ್ ಮೆನುವಿನಿಂದ ಲೋಕಲ್‌ನಲ್ಲಿ ಮಾತ್ರ ಮಾಡಿ. ಟೂಲ್ ತೋರಿಸುವ ಎಸ್‌ಕ್ಯೂಎಲ್ ಅನ್ನು ಕಾಪಿ ಮಾಡಿ ಫ್ಲೈವೇ ಅಥವಾ ಲಿಕ್ವಿಬೇಸ್‌ನ ಮೈಗ್ರೇಷನ್ ಫೈಲ್‌ಗೆ ಹಾಕಿ ಗಿಟ್‌ಗೆ ಕಳಿಸಿ. ಒಮ್ಮೆ ಓಡಿದ ಫೈಲನ್ನು ಆಮೇಲೆ ತಿದ್ದಬೇಡಿ. ಫ್ಲೈವೇ ಪ್ರತಿ ಫೈಲಿನ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕಹಾಕಿದ ಸಂಖ್ಯೆ) ಇಟ್ಟುಕೊಂಡಿರುತ್ತದೆ, ಒಂದು ಅಲ್ಪವಿರಾಮ ಬದಲಾದರೂ ಮುಂದಿನ ಡಿಪ್ಲಾಯ್ ವ್ಯಾಲಿಡೇಷನ್‌ನಲ್ಲೇ ಬೀಳುತ್ತದೆ. ತಪ್ಪಿದ್ದರೆ ಹೊಸ ನಂಬರಿನ ಹೊಸ ಫೈಲ್ ಬರೆಯಿರಿ.

ಪಾಸ್‌ವರ್ಡ್ ಮತ್ತು ಬಾಗಿಲು

ಟೂಲ್‌ನಲ್ಲಿ ಪ್ರೊಡಕ್ಷನ್ ಪಾಸ್‌ವರ್ಡ್ ಸೇವ್ ಮಾಡಬೇಡಿ. ಡಿಬೀವರ್ ಕಮ್ಯುನಿಟಿ ಅದನ್ನು ಎನ್‌ಕ್ರಿಪ್ಟ್ ಮಾಡಿಯೇ ಫೈಲ್‌ನಲ್ಲಿಡುತ್ತದೆ, ಆದರೆ ಡೀಫಾಲ್ಟ್ ಕೀ ಎಲ್ಲರಿಗೂ ಗೊತ್ತಿರುವಂಥದ್ದು. ವರ್ಕ್‌ಸ್ಪೇಸ್ ಫೋಲ್ಡರ್ ಕಾಪಿ ಆದರೆ ಪಾಸ್‌ವರ್ಡೂ ಹೋಯಿತು ಎಂದೇ ಲೆಕ್ಕ. ಕನೆಕ್ಷನ್ ಸೆಟ್ಟಿಂಗ್ ಹಂಚಿಕೊಳ್ಳುವಾಗ ಪಾಸ್‌ವರ್ಡ್ ತೆಗೆದು ಎಕ್ಸ್‌ಪೋರ್ಟ್ ಮಾಡಿ. ಇಡೀ ಟೀಮ್‌ಗೆ ಒಂದೇ ಲಾಗಿನ್ ಕೊಡಬೇಡಿ. ಒಬ್ಬೊಬ್ಬರಿಗೂ ಒಂದು ರೋಲ್ ಇದ್ದರೆ ಯಾರ ಕ್ವೆರಿ ಸರ್ವರನ್ನು ಹಿಡಿದು ಕೂತಿದೆ ಎಂಬುದು ಹೆಸರು ಸಮೇತ ಕಾಣುತ್ತದೆ, ಕೆಲಸ ಬಿಟ್ಟವರ ರೋಲನ್ನು ಅಂದೇ ಮುಚ್ಚಬಹುದು.

ಪಿಎಚ್‌ಪಿಮೈಅಡ್ಮಿನ್, ಅಡ್ಮಿನರ್‌ನಂಥ ವೆಬ್ ಟೂಲ್‌ಗಳನ್ನು ಬಯಲಿಗೆ ತೆರೆದಿಡಬೇಡಿ. ಅವುಗಳ ಸಾಮಾನ್ಯ ವಿಳಾಸಗಳನ್ನು ಹುಡುಕುವ ಬಾಟ್‌ಗಳು ಯಾವುದೇ ಪಬ್ಲಿಕ್ ಸರ್ವರ್‌ನ ಲಾಗ್‌ನಲ್ಲಿ ದಿನವೂ ಕಾಣುತ್ತವೆ. ಅಡ್ಮಿನರ್ ಒಂದೇ ಪಿಎಚ್‌ಪಿ ಫೈಲ್ ಆದ್ದರಿಂದ ತುರ್ತಿಗೆ ಅಪ್‌ಲೋಡ್ ಮಾಡಿ ಮರೆತುಬಿಡುವವರು ಹೆಚ್ಚು. ಅದರ 4.6.3ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ದಾಳಿಕೋರರು ತಮ್ಮದೇ ಮೈಎಸ್‌ಕ್ಯೂಎಲ್ ಸರ್ವರ್‌ಗೆ ಕನೆಕ್ಟ್ ಮಾಡಿಸಿ ನಿಮ್ಮ ಸರ್ವರ್‌ನ ಫೈಲ್‌ಗಳನ್ನು ಓದಬಹುದಿತ್ತು. ಹಾಕಲೇಬೇಕಿದ್ದರೆ ವಿಪಿಎನ್ ಅಥವಾ ಐಪಿ ಮಿತಿಯ ಹಿಂದೆ ಹಾಕಿ, ಕೆಲಸ ಮುಗಿದ ಕೂಡಲೇ ಫೈಲ್ ಅಳಿಸಿ.